ನಿಂತ ಗಾಡಿಯ ಸದ್ದು

ನರ್ಸಮ್ಮನ ಹಳೆಯ ಕಾರು ನೀರು ಕುಡಿಯುತ್ತಿತ್ತು. ಎರಡು ದಿನಕ್ಕೊಂದು ಲೋಟ, ಅಳೆದಿಟ್ಟ ಹಾಗೆ. ಕುಡಿದ ನೀರು ಎಲ್ಲಿಗೆ ಹೋಗುತ್ತಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯದು. ನೆಲದ ಮೇಲೆ ಹನಿಯಿಲ್ಲ, ಪೈಪಿನ ಮೇಲೆ ಪಸೆಯಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯಿಲ್ಲ, ಎಂಜಿನ್ ಆಯಿಲಿನಲ್ಲಿ ನೀರು ಬೆರೆತ ಗುರುತಿಲ್ಲ. ಬೆಳಿಗ್ಗೆ ಗೆರೆಯವರೆಗೆ ತುಂಬಿಸಿದ, ಎಂಜಿನ್ ತಣಿಸುವ ಹಸಿರು ಕೂಲೆಂಟು ನೀರು ಮಾರನೆಯ ದಿನ ಸಂಜೆ ನೋಡಿದರೆ ಗೆರೆಗಿಂತ ಎರಡು ಬೆರಳು ಕೆಳಗೆ ಇರುತ್ತಿತ್ತು. ಇಪ್ಪತ್ತಾರು ವರ್ಷದ ಗಾಡಿ, ಏನೋ ಒಂದಿಷ್ಟು ಮುಪ್ಪಿನ ಚಟ ಎಂದು ಬಿಡೋಣವೆಂದರೆ, ಬೆಟ್ಟದ ಮೇಲಿನ ಮನೆಗಳಲ್ಲಿ ಹೆರಿಗೆ ಮಾಡಿಸಲು ನರ್ಸಮ್ಮ ಹೋಗುತ್ತಿದ್ದದ್ದು ಇದೇ ಗಾಡಿಯಲ್ಲಿ.

ಆ ಕಾರು ಬಂದು ನಿಂತದ್ದು ಕಿವಿಯಣ್ಣನ ಗ್ಯಾರೇಜಿನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಬೇರೆ ಇತ್ತು, ಅದನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿ, ಅವನು ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಎಂಜಿನ್ನಿನ ಒಳಗುಟ್ಟೆಲ್ಲ ಹೊರಗೆ. ಸುಮ್ಮನೆ ಕೇಳಿ ಸುಮ್ಮನಿರುವ ಜಾತಿಯವನೂ ಅಲ್ಲ. ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಂಜಿನ್ನಿನ ಅಬ್ಬರದ ಮೇಲೆ ಗಂಟಲು ಏರಿಸಿ ಪಾಠ ಹೇಳುತ್ತಿದ್ದ: ಕೇಳಿ, ಇದು ಬೇರಿಂಗು, ಒಣಗಿದ ಗಂಟಲಲ್ಲಿ ಮಾತಾಡ್ತಿದೆ, ಇದು ವಾಲ್ವು, ಹಲ್ಲು ಕಡೀತಿದೆ. ಗಿರಾಕಿಗೆ ಒಂದಕ್ಷರ ತಿಳಿಯದಿದ್ದರೂ ಬಾಯಿ ತೆರೆದುಕೊಂಡು ತಲೆಯಾಡಿಸುತ್ತಿದ್ದ. ಮೂವತ್ತು ವರ್ಷ ಇದು ನಡೆದಿತ್ತು.

ಅವನಿಗೆ ಗರ್ವವಿತ್ತು, ಅದನ್ನು ಮುಚ್ಚಿಡುವುದೇಕೆ. ಆದರೆ ಗರ್ವದ ಕೆಳಗೆ ಒಂದು ಸೋಜಿಗವೂ ಇತ್ತು, ಅದು ಹರೆಯದಲ್ಲಿ ಹತ್ತಿದ್ದು, ಬಿಟ್ಟಿರಲಿಲ್ಲ. ಒಳಗೆ ಬೆಂಕಿ, ಬೆರಳಗಲದ ಕಬ್ಬಿಣದ ಆಚೆ ನೀರು. ನಿಮಿಷಕ್ಕೆ ಸಾವಿರಾರು ಸಲ ಬೆಂಕಿ ಹೊತ್ತಿ ಆರುವ ಜಾಗದ ಮಗ್ಗುಲಲ್ಲೇ ನೀರು ತನ್ನ ಪಾಡಿಗೆ ತಾನು ಸುತ್ತಿ ಬರುತ್ತದೆ, ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಮನುಷ್ಯ ಇಂಥದ್ದನ್ನು ಮಾಡಿದನಲ್ಲ ಎಂದು ಅವನು ಬಾನೆಟ್ಟು ಎತ್ತಿದಾಗಲೆಲ್ಲ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ.

ನರ್ಸಮ್ಮನ ಕಾರಿನ ಮುಂದೆ ಈ ಸಲ ನಿಂತದ್ದು ಮಾತ್ರ ಒಂದು ಗಳಿಗೆಯಲ್ಲ, ಹೆಚ್ಚುಕಡಿಮೆ ಮೂರು ವಾರ. ಮೊದಲ ವಾರ ರೇಡಿಯೇಟರಿನ ಮುಚ್ಚಳ ಬದಲಿಸಿದ, ಹೋಸುಗಳ ಪಟ್ಟಿಗಳನ್ನೆಲ್ಲ ಬಿಗಿಮಾಡಿದ, ಬೀಗುತ್ತ ಗಾಡಿ ಕಳಿಸಿದ. ಮೂರನೆಯ ದಿನ ಗಾಡಿ ವಾಪಸ್ಸು. ಎರಡನೆಯ ವಾರ ನೀರಿನ ಪಂಪನ್ನೇ ಹೊಸದು ಹಾಕಿದ, ಹಳೆಯ ಪಂಪನ್ನು ಬಿಚ್ಚಿ ನೋಡಿದರೆ ಅದು ಗಟ್ಟಿಮುಟ್ಟಾಗಿತ್ತು, ಪಾಪ. ಗಾಡಿ ಮತ್ತೆ ವಾಪಸ್ಸು. ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟು ಮುಳ್ಳು ನೋಡುತ್ತ ಕುಳಿತ. ತಣ್ಣಗಿದ್ದ ಎಂಜಿನ್ನಿನಲ್ಲಿ ಮುಳ್ಳು ಅರ್ಧ ಗಂಟೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಗಾಡಿಯ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿದ, ಮರುದಿನ ಬೆಳಿಗ್ಗೆ ಅವನ್ನು ಬೆಳಕಿಗೆ ಹಿಡಿದು ನೋಡಿದ. ನಿನ್ನೆಯ ಸುದ್ದಿ ಒಣಗಿದಂತೆಯೇ ಇತ್ತು. ಪ್ರತಿ ಸಲವೂ ಎಂಜಿನ್ ಓಡಿಸಿ, ಸ್ಕ್ರೂಡ್ರೈವರು ಕಿವಿಗಿಟ್ಟು, ಮೂಲೆಮೂಲೆ ಆಲಿಸಿ, ಏನೂ ಸಿಗದೆ ಎಂಜಿನ್ ನಿಲ್ಲಿಸಿ, ಅದು ತಣ್ಣಗಾಗುವವರೆಗೆ ಮುಟ್ಟುವಂತಿಲ್ಲವಲ್ಲ ಎಂದು ಎದುರಿನ ಟೈರು ಅಂಗಡಿಗೆ ಚಹಾ ಕುಡಿಯಲು ಹೋಗುತ್ತಿದ್ದ. ಟೈರಿನವನು, ಏನಣ್ಣ, ಕಾರಿಗೆ ಬಾಯಾರಿಕೆಯಾ, ನಿನಗಾ ಎಂದು ಕೆಣಕುತ್ತಿದ್ದ. ಕಿವಿಯಣ್ಣ ಚಹಾ ಮುಗಿಸಿ ಎದ್ದು ಬರುತ್ತಿದ್ದ.

ಈ ಮೂರು ವಾರ ಗ್ಯಾರೇಜಿನಲ್ಲಿ ಒಂದು ಸುಖವೂ ಇತ್ತು, ಅದೆಂದರೆ ಮೌನ. ಅವನ ಹೆಂಡತಿ ಊರಲ್ಲಿರಲಿಲ್ಲ. ಕಾಲು ಮುರಿದುಕೊಂಡು ಮಲಗಿದ್ದ ತಂಗಿಯನ್ನು ನೋಡಿಕೊಳ್ಳಲು ಹೋಗಿದ್ದಳು. ನರ್ಸಮ್ಮನ ಕಾರು ಬಂದದ್ದು ಅವಳು ಹೊರಟ ಮರುದಿನ. ಗಾಡಿಗಳ ಸೀಟು ಹೊಲಿಯುವುದು ಅವಳ ಕಸುಬು, ಊರಿಗೆಲ್ಲ ಅವಳು ಸೀಟಿನಕ್ಕ. ಗ್ಯಾರೇಜಿಗೆ ಅಂಟಿಕೊಂಡ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು, ರೆಕ್ಸಿನ್ನಿನ ಸುರುಳಿಗಳು, ಸ್ಪಂಜಿನ ರಾಶಿ. ಎರಡಕ್ಕೂ ನಡುವೆ ಒಂದು ಕಿಟಕಿ, ಅದಕ್ಕೆ ಗಾಜಿಲ್ಲ. ಗಾಜಿಲ್ಲದ ಆ ಕಿಟಕಿಯಿಂದ ದಿನವಿಡೀ ಅವಳ ಗೊಣಗಾಟ ಬರುತ್ತಿತ್ತು. ಆ ವ್ಯಾನಿನದು ಏನು ಕಿರಿಕಿರಿ, ಈ ಬಸ್ಸಿನದು ಏನು ಕಟಕಟ, ಮನುಷ್ಯರು ಒಂದು ಹೊಲಿಗೆ ನೆಟ್ಟಗೆ ಹಾಕುವ ಹಾಗಿಲ್ಲ. ಮೊದಲೆಲ್ಲ ಅವಳು ಹೀಗಿರಲಿಲ್ಲ, ಈಚೆಗೆ ವಯಸ್ಸಾದ ಮೇಲೆ ಶುರುವಾದದ್ದು ಎಂದು ಕಿವಿಯಣ್ಣ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದ. ಅವನು ಬೈಯುವುದು, ಅವಳು ಗೊಣಗುವುದು ಎರಡೂ ಆ ಗ್ಯಾರೇಜಿನ ಗೋಡೆಗಳಿಗೆ ರೂಢಿಯಾಗಿದ್ದವು.

ಈಗ ಮೌನವಿತ್ತು, ಆಲಿಸಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಏನೂ ಕೇಳಿಸುತ್ತಿರಲಿಲ್ಲ ಎಂಬುದೇ ಅವನ ನಿದ್ದೆ ಕೆಡಿಸಿತ್ತು.

ಏಕೆಂದರೆ ಕಿವಿಯಣ್ಣನಿಗೆ ಒಂದು ಗುಟ್ಟಿತ್ತು. ಅವನ ಎಡಗಿವಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಒಂದು ಚಳಿಗಾಲದ ನೆಗಡಿಯ ಜೊತೆ ಮಂಕಾದದ್ದು ನೆಗಡಿಯ ಜೊತೆ ಸರಿಹೋಗಲಿಲ್ಲ. ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಸ್ಕ್ರೂಡ್ರೈವರನ್ನು ಬಲಗಿವಿಗೆ ಬದಲಾಯಿಸಿಕೊಂಡ, ಅಷ್ಟೆ. ಬಲಗಿವಿ ಚೆನ್ನಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಪುರಾವೆಯೂ ಇತ್ತು: ಈ ಎರಡು ವರ್ಷದಲ್ಲಿ ಹಾಲಿನ ವ್ಯಾನಿನ ಪಂಪನ್ನು ಹಿಡಿದವನು ಅವನೇ, ಶಾಲೆ ಬಸ್ಸಿನ ಬೆಲ್ಟಿನ ಗಾಲಿ ಹಿಡಿದವನು ಅವನೇ, ಬ್ರೆಡ್ಡಿನ ಅಂಗಡಿಯವನ ಕಾರಿನ ವಾಲ್ವು ಹಿಡಿದವನು ಅವನೇ. ಕಿವಿ ಕೆಟ್ಟವನು ಇವನ್ನೆಲ್ಲ ಹಿಡಿಯುತ್ತಾನೆಯೇ. ಆದರೆ ಈಗ ನರ್ಸಮ್ಮನ ಕಾರಿನ ಮುಂದೆ ಬಗ್ಗಿ ನಿಂತಾಗ ಒಂದು ಭಯ ಏಳುತ್ತಿತ್ತು. ಬಲಗಿವಿಯೂ ಹೋಯಿತೇ? ಹೋದರೆ ತಾನು ಯಾರು? ಕಿವಿಯಿಲ್ಲದ ಕಿವಿಯಣ್ಣ. ಊರು ನಗುವುದಿರಲಿ, ತನ್ನನ್ನು ತಾನು ಏನೆಂದು ಕರೆದುಕೊಳ್ಳುವುದು ಎಂದು ಅವನಿಗೆ ತಿಳಿಯಲಿಲ್ಲ.

ಮೂರನೆಯ ವಾರದ ಗುರುವಾರ ನರ್ಸಮ್ಮ ನಡೆದುಕೊಂಡೇ ಬಂದರು. ಹೆರಿಗೆಯ ಕರೆ ಬಂತೆಂದು ಹಿಂದಿನ ದಿನ ಅವರು ಒಯ್ದಿದ್ದ ಕಾರು ಬೆಟ್ಟದ ಅರ್ಧ ದಾರಿಯಲ್ಲಿ ಬುಸುಗುಟ್ಟಿ ನಿಂತಿತ್ತಂತೆ. ಚೀಲ ಹೆಗಲಿಗೆ ಹಾಕಿಕೊಂಡು ಉಳಿದ ಏರನ್ನು ಅವರು ಕಾಲಲ್ಲೇ ಹತ್ತಿದರಂತೆ. ಅವರು ಬಾಗಿಲು ದಾಟುವ ಹೊತ್ತಿಗೆ ಮಗು ತಾನಾಗಿಯೇ ಬಂದು ಅಳುತ್ತಿತ್ತಂತೆ. ತಾಯಿಗೂ ಮಗುವಿಗೂ ಏನೂ ಆಗಿರಲಿಲ್ಲ. ಇದನ್ನೆಲ್ಲ ಅವರು ಸಿಟ್ಟಿಲ್ಲದೆ ಹೇಳಿದರು, ಅದೇ ಅವನಿಗೆ ಹೆಚ್ಚು ನಾಟಿತು. ಗಾಡಿಯನ್ನು ಎಳೆಸಿಕೊಂಡು ಬಂದು ಗೋಡೆಯ ಮಗ್ಗುಲಿಗೆ ನಿಲ್ಲಿಸಿದ್ದಾಯಿತು. ಶನಿವಾರ ಬರುತ್ತೇನೆ, ಅಷ್ಟರಲ್ಲಿ ಸರಿಹೋದರೆ ಸರಿ, ಇಲ್ಲದಿದ್ದರೆ ಈ ಗಾಡಿಯ ಋಣ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇನೆ ಎಂದರು.

ಅವನು ಬಾನೆಟ್ಟಿನ ಕೆಳಗೆ ತಲೆ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ನರ್ಸಮ್ಮ ಅವನ ಎಡಗಡೆಯಿಂದ ಸುತ್ತಿ ಎದುರಿಗೆ ಬಂದು ನಿಂತರು.

"ಮೂರು ಸಲ ಕರೆದೆ," ಎಂದರು. "ಕಿವಿ ಯಾರಿಗಾದ್ರೂ ತೋರಿಸಿದ್ದೀರಾ?"

ಅವನ ಮುಖ ಕೆಂಪಾಯಿತು. ಕೆಲಸದಲ್ಲಿ ಮುಳುಗಿದ್ದೆ, ನನ್ನ ಕಿವಿಗೇನಾಗಿದೆ ಎಂದು ಒರಟಾಗಿ ಹೇಳಿಬಿಟ್ಟ. ಹಾಲಿನ ವ್ಯಾನು, ಶಾಲೆ ಬಸ್ಸು, ಬ್ರೆಡ್ಡಿನವನ ಕಾರು ಎಲ್ಲವನ್ನೂ ಅವರ ಮುಂದೆ ಪಟ್ಟಿ ಒಪ್ಪಿಸಿದ. ನರ್ಸಮ್ಮ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಸಂಜೆಯ ಬಸ್ಸು ಹಿಡಿಯಲು ಹೋದರು. ಅವರು ವಾದಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಬಂದಿಳಿದಳು. ತಂಗಿ ಕೋಲು ಹಿಡಿದು ಓಡಾಡುವಷ್ಟಾಗಿದ್ದಾಳೆ, ಅವಳ ಗಂಡ ಅನ್ನ ಬೇಯಿಸಲು ಕಲಿತಿದ್ದಾನೆ ಎಂಬ ಎರಡು ಸುದ್ದಿ ಹೇಳಿ, ಮುಖ ತೊಳೆದು, ಮೂರು ವಾರದ ಧೂಳು ಕೊಡವಿ, ಅರ್ಧಕ್ಕೆ ಬಿಟ್ಟುಹೋಗಿದ್ದ ಲಾರಿಯ ಸೀಟನ್ನು ತೊಡೆಯ ಮೇಲೆ ಎಳೆದುಕೊಂಡು ಅಂಚು ಹೊಲಿಯಲು ಕುಳಿತಳು. ಅಂಚಿನ ಕೆಲಸ ಕೈಹೊಲಿಗೆಯದು, ಮಿಷನ್ನಿನ ಸದ್ದಿಲ್ಲ. ಕಿಟಕಿಯ ಈಚೆ ಕಿವಿಯಣ್ಣ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ನೀರು ತುಂಬಿಸಿ ಎಂಜಿನ್ ಓಡಿಸಿದ. ಕಾಲು ಗಂಟೆ ಆಲಿಸಿದ. ಹಿಡಿಯಲ್ಲಿ ನಡುಕ ಸಿಕ್ಕಿತು, ದವಡೆಯಲ್ಲಿ ನಡುಕ ಸಿಕ್ಕಿತು, ಬೇರೆ ಏನೂ ಇಲ್ಲ. ಎಂಜಿನ್ ನಿಲ್ಲಿಸಿದ, ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಎಸೆದ, ಚಹಾಕ್ಕೆಂದು ಹೊರಟ.

"ರೀ," ಎಂದಳು ಕಿಟಕಿಯ ಆಚೆಯಿಂದ, ಜೋರಾಗಿಯೇ. "ಆ ಗಾಡಿ ಆಫ್ ಮಾಡಿದ ಮೇಲೂ ಸುಮ್ಮನಿರಲ್ವಾ? ಎಂಜಿನ್ನಿನ ಹಿಂದುಗಡೆ, ಕೆಳಗೆ, ಅದೇನದು ಬಿಟ್ಟು ಬಿಟ್ಟು ಚುಂಯ್ ಅಂತಿದೆ. ನಂಗೆ ಹೊಲಿಗೆ ತಪ್ತಿದೆ."

"ನಿನ್ನ ಸೀಟು ನೀನು ನೋಡ್ಕೋ," ಎಂದ ಅವನು, ಎಂದಿನಂತೆ.

ಎಂದಿನಂತೆಯೇ, ಹಾಗೆ ಬೈಯುತ್ತಲೇ, ಅವನ ಕಾಲು ಗಾಡಿಯ ಕಡೆಗೆ ತಿರುಗಿತು. ಕೈ ಎಂಜಿನ್ನಿನ ಹಿಂಬದಿಗೆ ಹೋಯಿತು. ಕೈ ಅಲ್ಲಿಗೆ ಹೋದದ್ದನ್ನು ಅವನು ನೋಡಿದ. ನೋಡಿ, ಅಲ್ಲೇ ನಿಂತುಬಿಟ್ಟ.

ಹಾಲಿನ ವ್ಯಾನು ಬಂದ ದಿನ ನೆನಪಾಯಿತು. ಮುಂದುಗಡೆ ಎಡಕ್ಕೆ ಏನೋ ಗೊರಗೊರ ಅಂತಿದೆ, ತಲೆ ಸಿಡಿಯುತ್ತಿದೆ ಎಂದು ಅವಳು ಗೊಣಗಿದ್ದಳು, ಅವನು ಬೈದಿದ್ದ, ಹತ್ತು ನಿಮಿಷಕ್ಕೆ ಪಂಪು ಸಿಕ್ಕಿತ್ತು. ಶಾಲೆ ಬಸ್ಸು ಬಂದ ದಿನ, ಆ ಬೆಲ್ಟಿನ ಕಡೆ ಯಾರೋ ಗಿಳಿ ಸಾಕಿದ್ದಾರಾ ಎಂದಿದ್ದಳು. ಬ್ರೆಡ್ಡಿನವನ ಕಾರಿಗೆ, ಮೇಲುಗಡೆ ಕೊನೆಯಲ್ಲಿ ಮೊಳೆ ಕುಣಿದ ಹಾಗಿದೆ ಎಂದಿದ್ದಳು. ಒಂದೊಂದಾಗಿ ಬಂದವು, ಸಾಲಾಗಿ ಬಂದವು. ಎರಡು ವರ್ಷದಲ್ಲಿ ಅವನು ಕಂಡುಹಿಡಿದ ಒಂದೊಂದು ದೋಷದ ಹಿಂದೆಯೂ ಒಂದೊಂದು ಗೊಣಗಾಟವಿತ್ತು. ಗೊಣಗಾಟವಿಲ್ಲದ ಮೂರು ವಾರದಲ್ಲಿ ಅವನು ಕಂಡುಹಿಡಿದದ್ದು ಸೊನ್ನೆ. ಕಿವಿಯಣ್ಣ ಬಾನೆಟ್ಟಿನ ಅಂಚು ಹಿಡಿದುಕೊಂಡ.

ಆದರೂ ಅವನು ಮೆಕ್ಯಾನಿಕ್ಕು. ಕಣ್ಣಿಂದ ನೋಡದೆ ಒಪ್ಪುವ ಪೈಕಿಯಲ್ಲ. ಹಿಡಿಕೆಯಿದ್ದ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ತಂದು, ಎಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿಸಿದ. ಬಿಸಿ ಮುಖಕ್ಕೆ ರಾಚಿತು. ಕನ್ನಡಿಯನ್ನು ತಿರುಗಿಸಿ ತಿರುಗಿಸಿ ಹುಡುಕಿದ.

ಅಲ್ಲಿ ಒಂದು ಬಿಲ್ಲೆಯಿತ್ತು. ಎಂಜಿನ್ನನ್ನು ಎರಕ ಹೊಯ್ಯುವಾಗ ಉಳಿಯುವ ತೂತುಗಳಿಗೆ ಇಂಥ ತಗಡಿನ ಬಿಲ್ಲೆ ಬಡಿದು ಮುಚ್ಚಿರುತ್ತಾರೆ. ಅದರ ಆಚೆಗೆ ನೀರು. ಬಿಲ್ಲೆಯ ಕೆಳ ಅಂಚಿನಲ್ಲಿ ತುಕ್ಕು ತಿಂದು ಸೂಜಿಮೊನೆಯಷ್ಟು ದಾರಿಯಾಗಿತ್ತು. ಅವನು ನೋಡುತ್ತಿದ್ದಂತೆಯೇ ಆ ಮೊನೆಯಲ್ಲಿ ಒಂದು ಹಸಿರು ಮಣಿ ಮೂಡಿತು, ದಪ್ಪಗಾಯಿತು, ನಡುಗಿತು, ಬಿತ್ತು. ಕೆಳಗೆ ಕೆಂಡದಷ್ಟು ಕಾದ ಹೊಗೆಕೊಳವೆ. ಮಣಿ ಅದರ ಮೇಲೆ ಬಿದ್ದು ಒಂದೇ ಕ್ಷಣದಲ್ಲಿ ಆವಿಯಾಗಿ ಹಾರಿಹೋಯಿತು. ನೆಲದವರೆಗೆ ಬರಲು ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಆಗ ಎಲ್ಲವೂ ಅರ್ಥವಾಯಿತು. ಎಂಜಿನ್ ನಿಂತ ಕೂಡಲೇ ನೀರಿನ ಸುತ್ತಾಟವೂ ನಿಲ್ಲುತ್ತದೆ, ಆದರೆ ಕಬ್ಬಿಣದ ಬಿಸಿ ನಿಲ್ಲುವುದಿಲ್ಲ. ನಿಂತ ನೀರು ಓಡುವಾಗಿನದಕ್ಕಿಂತ ಹೆಚ್ಚು ಕಾಯುತ್ತದೆ, ಒಳಗೆ ಒತ್ತಡ ಏರುತ್ತದೆ, ಆಗ ಮಾತ್ರ ಆ ಸೂಜಿಮೊನೆ ಬಾಯಿ ಬಿಡುತ್ತದೆ. ಹತ್ತು ನಿಮಿಷ ಸೋರಿ, ತಣ್ಣಗಾಗುತ್ತ ಬಂದಂತೆ ತುಕ್ಕಿನ ಕೆಳಗೆ ಮುಚ್ಚಿಕೊಂಡು, ಏನೂ ಅರಿಯದ ಮಗುವಿನಂತೆ ಕೂರುತ್ತದೆ. ಆ ಹತ್ತು ನಿಮಿಷ ಕಿವಿಯಣ್ಣ ಟೈರು ಅಂಗಡಿಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದ. ಮೂವತ್ತು ವರ್ಷ ಅವನು ಓಡುವ ಗಾಡಿಗಳನ್ನು ಆಲಿಸಿದ್ದ. ನಿಂತ ಗಾಡಿಗೆ ಕಿವಿ ಕೊಟ್ಟವನೇ ಅಲ್ಲ.

ಇನ್ನೊಂದು ಮಣಿ ಬಿತ್ತು. ಅವನಿಗೆ ಏನೂ ಕೇಳಿಸಲಿಲ್ಲ. ಮುಖ ಅರ್ಧ ಮೊಳ ದೂರದಲ್ಲಿತ್ತು, ಬಲಗಿವಿ ಅದರತ್ತಲೇ ಇತ್ತು, ಕಾದ ಕಬ್ಬಿಣದ ಮೇಲೆ ನೀರು ಬಿದ್ದು ಸಿಡಿಯುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಸದ್ದಿಲ್ಲ. ಗಾಜಿನ ಆಚೆ ನಡೆದ ಹಾಗೆ.

ಅವನು ತಲೆಯೆತ್ತಿದ. ಮಗ್ಗುಲಲ್ಲೇ ಕಿಟಕಿ, ಅದರಾಚೆ ನಾಲ್ಕು ಮಾರು ದೂರದಲ್ಲಿ ಅವಳು, ತೊಡೆಯ ಮೇಲೆ ಲಾರಿಯ ಸೀಟು. ಸೂಜಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅವನು ಕನ್ನಡಿಯನ್ನೂ ಅವಳನ್ನೂ ಒಟ್ಟಿಗೆ ಕಾಣುವಂತೆ ಕತ್ತು ಓರೆ ಮಾಡಿದ. ಮಣಿ ಮೂಡಿತು, ದಪ್ಪಗಾಯಿತು, ಬಿತ್ತು. ಅವಳ ಸೂಜಿ ಕೂದಲೆಳೆಯಷ್ಟು ತಡೆಯಿತು. ಮತ್ತೆ ನಡೆಯಿತು. ಮಣಿ ಬಿತ್ತು, ಸೂಜಿ ತಡೆಯಿತು. ಅವಳು ಈ ಕಡೆ ನೋಡುತ್ತಿರಲಿಲ್ಲ, ನೋಡಿದ್ದರೂ ಅಲ್ಲಿಂದ ಏನೂ ಕಾಣುವಂತಿರಲಿಲ್ಲ. ಅವನು ಏಳು ಮಣಿ ಎಣಿಸಿದ. ಏಳು ಸಲವೂ ಆ ಸೂಜಿ ತಡೆದು ಮುಂದೆ ಹೋಯಿತು.

ಕಿವಿಯಣ್ಣನ ಕಣ್ಣಲ್ಲಿ ನೀರು ಬಂತು. ಸೋತ ದುಃಖಕ್ಕಲ್ಲ, ಅದು ಬೇರೆ ಇತ್ತು, ಅದರ ಸರದಿ ಆಮೇಲೆ. ಇದು ಬರೀ ಬೆರಗು. ಒಂದು ಹನಿ ನೀರು ಬೆಂಕಿಯಲ್ಲಿ ಸಾಯುವ ಸದ್ದನ್ನು ಗೋಡೆಯಾಚೆಯಿಂದ ಹಿಡಿಯುವ ಜೀವವೊಂದು ತನ್ನ ಮನೆಯಲ್ಲೇ ಇಪ್ಪತ್ತೆಂಟು ವರ್ಷ ಕುಳಿತಿತ್ತು, ಅದನ್ನು ತಾನು ಗೊಣಗಾಟವೆಂದು ತಿಳಿದಿದ್ದೆ ಎಂಬ ಬೆರಗು. ಎಂಜಿನ್ನಿನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಅವನು ಆ ಕಿಟಕಿಯ ಮುಂದೆ ನಿಂತ, ಬಹಳ ಹೊತ್ತು.

ಅವಳು ತಲೆಯೆತ್ತಿದಳು. ಅವನ ಮುಖ ನೋಡಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ಬಿಟ್ಟಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದ.

ಅವಳು ಏನು ಎಂದು ಕೇಳಲಿಲ್ಲ. "ಎರಡು ವರ್ಷ ಆಯ್ತು," ಎಂದಳು.

ಒಂದು ಬೆಳಿಗ್ಗೆ ಅವನ ಬೆನ್ನ ಹಿಂದೆ ಅವಳ ಕೈಯಿಂದ ದೊಡ್ಡ ಕತ್ತರಿ ಕಲ್ಲು ನೆಲದ ಮೇಲೆ ಬಿದ್ದಿತ್ತಂತೆ. ಬೀದಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಓಡಿತು, ಅವನು ತಿರುಗಲಿಲ್ಲ. ಅವತ್ತಿನಿಂದ ಅವಳು ಗಮನಿಸಿದ್ದಳು, ಒಂದು ಕಿವಿಯಲ್ಲ, ಎರಡೂ. ಅವನೇ ಹೇಳುತ್ತಾನೆ ಎಂದು ಕಾದಿದ್ದಳು. ಅಷ್ಟರಲ್ಲಿ ಹಾಲಿನ ವ್ಯಾನು ಬಂತು, ಅವನು ಎರಡು ದಿನ ಅದರ ಸುತ್ತ ಸುತ್ತಿದ, ಊಟ ಬಿಟ್ಟ. ಮೂರನೆಯ ದಿನ ಅವಳು ಮೊದಲ ಸಲ ಗೊಣಗಿದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ನಂಗೆ ಹೇಳ್ಲಿಲ್ಲ?"

ಅವನು ಕೈಯಲ್ಲಿದ್ದ ಕನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳೇ ಮುಂದುವರಿಸಿದಳು.

"ನೆಟ್ಟಗೆ ಹೇಳಿದ್ರೆ ಅವತ್ತೇ ಎಲ್ಲ ಕೆಳಗಿಟ್ಟು ಕೂತುಬಿಡ್ತಿದ್ರಿ. ನಿಮ್ಮನ್ನ ನಂಗೆ ಗೊತ್ತಿಲ್ವಾ. ಗೊಣಗಿದ್ರೆ ಬೈತಿದ್ರಿ, ಬೈತಾ ಬೈತಾ ಅಲ್ಲೇ ಹೋಗಿ ನೋಡ್ತಿದ್ರಿ. ಬೈಸಿಕೊಳ್ಳೋದು ನಂಗೇನು ಹೊಸದಾ?"

ಅವನಿಗೆ ನಗು ಬಂತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದ. ಅವಳು ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು.

"ಇಲ್ಲೇ, ಈ ಕಿಟಕಿಯಲ್ಲೇ. ಇದು ಬೇರಿಂಗು, ಇದು ವಾಲ್ವು ಅಂತ ಕೂಗಿ ಕೂಗಿ ಹೇಳ್ತಿದ್ರಲ್ಲ. ಗಿರಾಕಿಗಳಿಗೆ ಏನು ಅರ್ಥ ಆಯ್ತೋ ಕಾಣೆ. ನಂಗೆ ಆಗ್ತಿತ್ತು."

ಮೂವತ್ತು ವರ್ಷ ತಾನು ಗೋಡೆಗೆ ಪಾಠ ಹೇಳುತ್ತಿದ್ದೇನೆಂದು ಅವನು ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದ. ಗೋಡೆಯಾಚೆ ಒಬ್ಬಳು ತೊಡೆಯ ಮೇಲೆ ಸೀಟು ಇಟ್ಟುಕೊಂಡು ಅದನ್ನೆಲ್ಲ ಒಂದನ್ನೂ ಬಿಡದೆ ಕಲಿತು ಮುಗಿಸಿದ್ದಳು. ಮುಗಿಸಿ, ಅವನನ್ನೂ ದಾಟಿ, ನಿಂತ ಗಾಡಿಗಳ ಪಾಠಕ್ಕೆ ಹೋಗಿದ್ದಳು.

ಎಂಜಿನ್ ತಣ್ಣಗಾದ ಮೇಲೆ ಅವನು ಕೆಲಸಕ್ಕೆ ಇಳಿದ. ನೀರು ಬಸಿದು, ಹೊಗೆಕೊಳವೆ ಬಿಚ್ಚಿ, ತಗಡಿನ ಗೋಡೆಗೂ ಎಂಜಿನ್ನಿಗೂ ನಡುವೆ ತೋಳು ತೂರಿಸಿ, ಚರ್ಮ ಕಿತ್ತುಕೊಂಡು, ಬಿಲ್ಲೆಯನ್ನು ಬಡಿದು ಓರೆಮಾಡಿ ಎಳೆದು ತೆಗೆದ. ತೆಗೆದ ಮೇಲೆ ಟಾರ್ಚು ಹಿಡಿದು ತೂತಿನೊಳಗೆ ಕನ್ನಡಿಯಲ್ಲಿ ಇಣುಕಿದ. ಬೆಂಕಿಯ ಕೊಳವೆಗಳ ಸುತ್ತ ನೀರು ಓಡಾಡುವ ಇರುಕಲು ದಾರಿ, ತುಕ್ಕಿನ ಬಣ್ಣ, ಗೋಡೆಯ ಮೇಲೆ ಎರಕದ ಮರಳಿನ ಗುರುತು ಇನ್ನೂ ಇತ್ತು. ಇಷ್ಟು ವರ್ಷದಲ್ಲಿ ಇಂಥದ್ದನ್ನು ಅವನು ಎಷ್ಟೋ ಸಲ ಒಬ್ಬನೇ ನೋಡಿದ್ದ. ಈ ಸಲ ಹೆಂಡತಿಯನ್ನು ಕರೆದ.

"ಇವಳೇ, ಬಾ ಇಲ್ಲಿ. ನೋಡು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದನ್ನು ಅವಳು ಒಮ್ಮೆಯೂ ಒಳಗಿಂದ ನೋಡಿರಲಿಲ್ಲ. ಅವನೂ ತೋರಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಅವನು ಕನ್ನಡಿ ಹಿಡಿದ, ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡಿದಳು.

"ಇಷ್ಟೇ ಇಷ್ಟು ಜಾಗನಾ?" ಎಂದಳು ಕೊನೆಗೆ. "ಅಷ್ಟೆಲ್ಲ ಸದ್ದು ಇದರಲ್ಲಾ?"

ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಬೆಂಕಿಯನ್ನು ಮುಟ್ಟುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಅವನು ತೋರಿಸಿದ. ಅವಳು ಒಂದೊಂದಕ್ಕೂ ಹೂಂ ಎಂದಳು, ಹೆಸರು ಕೇಳಿ ಗೊತ್ತಿದ್ದ ನೆಂಟರ ಮುಖವನ್ನು ಮೊದಲ ಸಲ ಕಾಣುವವರ ಹಾಗೆ. ಆಮೇಲೆ ಅವನು ಹೊಸ ಬಿಲ್ಲೆಯ ಅಂಚಿಗೆ ಅಂಟು ಸವರಿ, ಮರದ ತುಂಡು ಇಟ್ಟು ಬಡಿಯತೊಡಗಿದ. ಬಿಲ್ಲೆ ನೆಟ್ಟಗೆ ಕೂತಿದೆಯೋ ಇಲ್ಲವೋ ಎಂಬುದು ಬಡಿತದ ದನಿಯಲ್ಲಿ ತಿಳಿಯಬೇಕು. ಅವನು ಪ್ರತಿ ಏಟಿಗೂ ಅವಳ ಮುಖ ನೋಡಿದ. ಆರನೆಯ ಏಟಿಗೆ ಅವಳು ಸಾಕು ಎಂಬಂತೆ ಕೈ ಎತ್ತಿದಳು, ಅವನು ಸುತ್ತಿಗೆ ಕೆಳಗಿಟ್ಟ.

ಶನಿವಾರ ಬೆಳಿಗ್ಗೆ ನರ್ಸಮ್ಮ ಬಂದರು, ಚೀಲದ ಸಮೇತ. ಅವನು ತೆಗೆದಿಟ್ಟ ಹಳೆಯ ಬಿಲ್ಲೆಯನ್ನು ಅವರ ಅಂಗೈಗೆ ಹಾಕಿ, ಸೂಜಿಮೊನೆಯಷ್ಟಿದ್ದ ತೂತನ್ನು ಬೆಳಕಿಗೆ ಹಿಡಿದು ತೋರಿಸಿದ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟಕ್ಕೆ ತಾನು ಬೆಟ್ಟ ಹತ್ತಬೇಕಾಯಿತೇ ಎಂದು ನಕ್ಕರು. ಆಮೇಲೆ ಗಂಭೀರವಾದರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದರು. "ಇದನ್ನ ಹಿಡಿದ ಕಿವಿ ಅಂದ್ರೆ ಸಾಮಾನ್ಯಾನಾ."

ಕಿಟಕಿಯಾಚೆ ಹೊಲಿಗೆ ಮಿಷನ್ನು ತಟ್ಟನೆ ಶುರುವಾದದ್ದನ್ನು ಅವನು ಕಂಡ. ಅವಳು ತಲೆ ತಗ್ಗಿಸಿ ಪೆಡಲು ತುಳಿಯುತ್ತಿದ್ದಳು, ತನಗೇನೂ ಸಂಬಂಧವಿಲ್ಲದಂತೆ. ಅವನಿಗೆ ದಾರಿ ಬಿಟ್ಟುಕೊಡುತ್ತಿದ್ದಳು. ಒಂದು ಹೂಂ ಎಂದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು, ಗೊಣಗಾಟವೂ ಬೈಗುಳವೂ ಮೊದಲಿನಂತೆ ನಡೆದುಕೊಂಡು ಹೋಗುತ್ತಿದ್ದವು, ಊರಿನಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಅವನು ಹೂಂ ಎನ್ನಲಿಲ್ಲ. ಕಾರಿನೊಳಗೆ ಕೈ ಹಾಕಿ ಎಂಜಿನ್ ಓಡಿಸಿದ, ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವವರೆಗೆ ಬಿಟ್ಟ, ನಿಲ್ಲಿಸಿದ. ಕಿಟಕಿಯ ಹತ್ತಿರ ಹೋಗಿ ಕಟ್ಟೆಯನ್ನು ಅಂಗೈಯಿಂದ ತಟ್ಟಿದ. ಮಿಷನ್ನು ನಿಂತಿತು.

"ಇವಳೇ, ಬಾ. ನೀನು ಕೇಳಿ ಹೇಳ್ಬೇಕು, ಆಮೇಲೇ ಗಾಡಿ ಹೋಗೋದು."

ಅವಳು ಅವನನ್ನೂ ನರ್ಸಮ್ಮನನ್ನೂ ಒಮ್ಮೆ ನೋಡಿ, ನಿಧಾನಕ್ಕೆ ಎದ್ದು ಬಂದಳು. ಬಾನೆಟ್ಟಿನ ಪಕ್ಕದಲ್ಲಿ ನಿಂತಳು. ಮೂವರೂ ನಿಂತರು. ನರ್ಸಮ್ಮನಿಗೆ ಏನೋ ಹೊಳೆದಿರಬೇಕು, ಅವರು ಚೀಲವನ್ನೂ ಕೆಳಗಿಡದೆ ಉಸಿರು ಬಿಗಿಹಿಡಿದರು. ಬಿಸಿ ಎಂಜಿನ್ನಿನಿಂದ ಗಾಳಿ ಕಂಪಿಸುತ್ತ ಏಳುತ್ತಿತ್ತು. ಅವಳ ಹುಬ್ಬು ಗಂಟಿಕ್ಕಿತ್ತು, ಕಣ್ಣು ಎಲ್ಲೂ ನೋಡುತ್ತಿರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಹುಬ್ಬಿನ ಗಂಟು ಬಿಚ್ಚಿತು. ಅವಳ ತುಟಿ ಅಲುಗಿತು, ಏನೋ ಹೇಳಿದಳು, ನರ್ಸಮ್ಮ ನಕ್ಕರು.

"ಸ್ವಲ್ಪ ಜೋರಾಗಿ ಹೇಳೇ," ಎಂದ ಕಿವಿಯಣ್ಣ. "ನಂಗೆ ಕೇಳ್ಸಲ್ಲ."

ಅವಳು ಗಾಡಿಯನ್ನು ಸುತ್ತಿ ಅವನ ಬಲಗಡೆಗೆ ಬಂದು, ಏನೂ ಸೋರುತ್ತಿಲ್ಲ, ಕಬ್ಬಿಣ ತಣ್ಣಗಾಗುತ್ತಿದೆ ಅಷ್ಟೆ ಎಂದು, ಇಡೀ ಬೀದಿಗೆ ಕೇಳುವಂತೆ ಹೇಳಿದಳು.